ಹಳೆಯ ಹೋಮ್ ಥಿಯೇಟರ್ ಆಂಪ್ಲಿಫೈಯರ್‌ನಲ್ಲಿ ಹಾಡು ಕೇಳಲು: ನಾನು ರಿಪೇರಿ ಮಾಡುವ ಕ್ರಮ

ಎಚ್‌ಡಿಎಂಐ ಕೆಟ್ಟಿದೆ, ಹೊಸ ಟಿವಿಗೆ ಹೊಂದುತ್ತಿಲ್ಲ ಎಂದು ಮಾರಾಟಕ್ಕೆ ಬರುವ ಹಳೆಯ ರಿಸೀವರ್‌ಗಳನ್ನೇ (ಹೋಮ್ ಥಿಯೇಟರ್ ಆಂಪ್ಲಿಫೈಯರ್‌ಗಳನ್ನೇ) ನಾನು ಹಾಡು ಕೇಳಲು ಹುಡುಕುವುದು. ಯಮಹಾ, ಡೆನಾನ್, ಮರಾಂಟ್ಜ್, ಪಯೋನೀರ್ ಮುಂತಾದವರ ಹಳೆಯ ಮಧ್ಯಮ ದರ್ಜೆಯ ಮಾದರಿಗಳಲ್ಲೂ ದೊಡ್ಡ ಟ್ರಾನ್ಸ್‌ಫಾರ್ಮರ್, ಬಿಡಿ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು, ದಪ್ಪ ಹೀಟ್‌ಸಿಂಕ್ ಸಿಗುತ್ತವೆ. ಐದು ಚಾನೆಲ್‌ಗೆಂದು ಮಾಡಿದ ಪವರ್ ಸಪ್ಲೈ ಎರಡೇ ಸ್ಪೀಕರ್‌ಗೆ ದುಡಿದಾಗ ಅದರ ಬಲ ಕಿವಿಗೇ ಗೊತ್ತಾಗುತ್ತದೆ. ಹಾಡಿಗೆ ಎಚ್‌ಡಿಎಂಐ ಬೇಕಿಲ್ಲ. ಆದರೆ ಕೆಲವು ಮಾದರಿಗಳು ಆ ಬೋರ್ಡ್ ಕೆಟ್ಟರೆ ಆನ್ ಆಗುವುದೇ ಇಲ್ಲ. ಹಾಗಾಗಿ ಕೊಳ್ಳುವ ಮೊದಲು ಅನಲಾಗ್ ಇನ್‌ಪುಟ್‌ನಲ್ಲಿ ಹಾಡು ಬರುತ್ತದೆಯೇ ಎಂದು ಅಲ್ಲೇ ಕೇಳಿಬಿಡಬೇಕು.

ಹಿಂಬದಿಯ ಪಟ್ಟಿಯಲ್ಲಿ ವೋಲ್ಟೇಜ್ ನೋಡಿ. ಗಲ್ಫ್‌ನಿಂದ ಊರಿಗೆ ಬಂದವರು ತಂದ ಸೆಟ್‌ಗಳು ಸಾಮಾನ್ಯವಾಗಿ 220-240 ವೋಲ್ಟ್‌ನವು, ನೇರ ನಡೆಯುತ್ತವೆ. ಅಮೆರಿಕದಿಂದ ಬಂದದ್ದು 120 ವೋಲ್ಟ್, 60 ಹರ್ಟ್ಸ್. ಇದಕ್ಕೆ ತಾಮ್ರದ ಸುರುಳಿಯ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಪ್ರವಾಸಕ್ಕೆಂದು ಮಾರುವ ಹಗುರ ಎಲೆಕ್ಟ್ರಾನಿಕ್ ಕನ್ವರ್ಟರ್ ಸಲ್ಲದು. ಸಾಮರ್ಥ್ಯವನ್ನು ಪಟ್ಟಿಯಲ್ಲಿ ಬರೆದ ವ್ಯಾಟ್‌ಗಿಂತ ಒಂದೂವರೆ ಪಟ್ಟು ಇಟ್ಟುಕೊಳ್ಳುತ್ತೇನೆ. 60 ಹರ್ಟ್ಸ್‌ಗೆ ಮಾಡಿದ ಕೋರ್‌ನಲ್ಲಿ ನಮ್ಮ 50 ಹರ್ಟ್ಸ್ ಹರಿದರೆ ಅದೇ ವೋಲ್ಟೇಜ್‌ಗೆ ಕಾಂತೀಯ ಫ್ಲಕ್ಸ್ ಶೇ 20ರಷ್ಟು ಏರುತ್ತದೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತ ಬಿಸಿಯಾಗುತ್ತದೆ. ಔಟ್‌ಪುಟ್ 120ರ ಬದಲು 110 ವೋಲ್ಟ್ ಇರಲಿ.

ಮುಚ್ಚಳ ತೆಗೆದ ಮೇಲೆ ಮೊದಲ ಬಾರಿ ಆನ್ ಮಾಡುವುದು ಸೀರೀಸ್ ಲ್ಯಾಂಪ್ (ಮೇನ್ಸ್ ತಂತಿಯಲ್ಲಿ ಸರಣಿಯಾಗಿ ಸೇರಿಸಿದ ಬಲ್ಬ್) ಮೂಲಕವೇ. 100 ವ್ಯಾಟ್‌ನ ಹಳೆಯ ಫಿಲಮೆಂಟ್ ಬಲ್ಬ್ ಬೇಕು, ಎಲ್‌ಇಡಿ ಇಲ್ಲಿ ಕೆಲಸಕ್ಕೆ ಬಾರದು. ಸ್ಪೀಕರ್ ಜೋಡಿಸಬೇಡಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಮುಂದುವರಿಯಬಹುದು. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೆ ಎರಡು ದೊಡ್ಡ ಕೆಪಾಸಿಟರ್‌ಗಳನ್ನೂ 100 ಓಮ್, 10 ವ್ಯಾಟ್ ರೆಸಿಸ್ಟರ್‌ನಿಂದ ಒಂದೊಂದಾಗಿ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿದ ನಂತರವೇ ಕೈ ಹಾಕುತ್ತೇನೆ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ರೂಢಿ ಬೇಡ.

ಹಳೆಯ ಸೆಟ್ ಎಂದ ಕೂಡಲೇ ಕೆಪಾಸಿಟರ್‌ಗಳನ್ನೆಲ್ಲ ಬದಲಿಸಲು ಹೊರಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ತೊಂದರೆ ಹೆಚ್ಚಾಗಿ ಇರುವುದು ರಿಲೇಯಲ್ಲಿ (ಸ್ಪೀಕರ್‌ಗೆ ಹೋಗುವ ದಾರಿಯನ್ನು ವಿದ್ಯುತ್ತಿನಿಂದ ತೆರೆದು ಮುಚ್ಚುವ ಸ್ವಿಚ್), ಬೆಸುಗೆಯಲ್ಲಿ, ಕನೆಕ್ಟರ್‌ನಲ್ಲಿ. ಸಣ್ಣ ದನಿಯಲ್ಲಿ ಒಂದು ಕಡೆಯ ಸ್ಪೀಕರ್ ಮಾಯವಾಗುತ್ತದೆ ಅಥವಾ ಒಡಕು ದನಿ ಕೊಡುತ್ತದೆ, ವಾಲ್ಯೂಮ್ ಜೋರು ಮಾಡಿದರೆ ಟಕ್ಕನೆ ಸರಿಹೋಗುತ್ತದೆ ಎಂದರೆ ಸ್ಪೀಕರ್ ರಿಲೇಯ ಸಂಪರ್ಕಬಿಂದುಗಳು ಕಪ್ಪಾಗಿವೆ. ಜೋರಾದ ಕರೆಂಟ್ ಆ ಪದರವನ್ನು ಭೇದಿಸುತ್ತದೆ, ಸಣ್ಣದಕ್ಕೆ ಆ ಶಕ್ತಿಯಿಲ್ಲ. ಖಚಿತಪಡಿಸಿಕೊಳ್ಳಲು, ಸ್ಪೀಕರ್ ಜೋಡಿಸಿ ಮೆಲ್ಲಗೆ ಹಾಡು ಹಾಕಿ, ರಿಲೇಯ ಒಳಪಿನ್‌ಗೂ ಹೊರಪಿನ್‌ಗೂ ನಡುವೆ ಎಸಿ ಮಿಲಿವೋಲ್ಟ್ ಅಳೆಯಿರಿ. ಚೆನ್ನಾಗಿರುವ ರಿಲೇಯಲ್ಲಿ ಅದು ಸೊನ್ನೆಯ ಹತ್ತಿರ ನಿಲ್ಲುತ್ತದೆ. ಹಾಡಿನ ಜೊತೆ ಹತ್ತಾರು ಮಿಲಿವೋಲ್ಟ್ ಏರಿಳಿದರೆ ರಿಲೇಯದೇ ದೋಷ.

ತಾತ್ಕಾಲಿಕ ಉಪಾಯವಿದೆ. ಪ್ಲಗ್ ಕಿತ್ತು, ರಿಲೇಯ ಪ್ಲಾಸ್ಟಿಕ್ ಮುಚ್ಚಳ ತೆಗೆದು, ವಿಸಿಟಿಂಗ್ ಕಾರ್ಡ್‌ನ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಬಿಂದುಗಳ ನಡುವೆ ಇಟ್ಟು ಮೆದುವಾಗಿ ಒತ್ತಿಹಿಡಿದು ಎಳೆಯಬೇಕು. ಕಾರ್ಡ್ ಮೇಲೆ ಕಪ್ಪು ಗೆರೆ ಮೂಡುತ್ತದೆ; ಗೆರೆ ಮೂಡುವುದು ನಿಲ್ಲುವವರೆಗೆ ಹೊಸ ಪಟ್ಟಿಯಿಂದ ಮತ್ತೆ ಮತ್ತೆ. ಉಪ್ಪುಕಾಗದ ಹಾಕಿ ತಿಕ್ಕಿದರೆ ಮೇಲ್ಪದರ ಕಿತ್ತುಹೋಗಿ ಬೇಗನೇ ಮತ್ತೆ ಕಪ್ಪಾಗುತ್ತದೆ. ಶಾಶ್ವತ ಪರಿಹಾರ ಹೊಸ ರಿಲೇಯೇ. ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗುವಾಗ ಹಳೆಯದನ್ನು ಕಿತ್ತು ಜೊತೆಗೇ ಒಯ್ಯಿರಿ. ರಿಲೇಯೊಳಗಿನ ಸುರುಳಿಯ, ಅಂದರೆ ಕಾಯಿಲ್‌ನ, ವೋಲ್ಟೇಜ್ (12, 24 ಅಥವಾ 48), ಕಾಯಿಲ್‌ನ ಓಮ್, ಪಿನ್‌ಗಳ ಅಂತರ, ಮೂರೂ ಹೊಂದಬೇಕು. ಓಮ್ ಯಾಕೆಂದರೆ, ಕಾಯಿಲ್‌ಗೆ ಸರಣಿಯಲ್ಲಿ ರೆಸಿಸ್ಟರ್ ಇರುವ ಸರ್ಕ್ಯೂಟ್‌ಗಳಲ್ಲಿ ಅದು ವ್ಯತ್ಯಾಸವಾದರೆ ರಿಲೇ ಎಳೆಯುವುದೇ ಇಲ್ಲ, ಅಥವಾ ಬಿಸಿಯಾಗುತ್ತದೆ.

ಬೆಸುಗೆಯ ಬಿರುಕು ಹುಡುಕಲು ಭೂತಗನ್ನಡಿ ಸಾಕು. ಹೀಟ್‌ಸಿಂಕ್ ಪಕ್ಕದ 7812, 7912, 7805 ರೆಗ್ಯುಲೇಟರ್‌ಗಳ ಕಾಲು, ಸ್ಪೀಕರ್ ಟರ್ಮಿನಲ್, ಬೋರ್ಡ್‌ನಿಂದ ಬೋರ್ಡ್‌ಗೆ ಹೋಗುವ ಕನೆಕ್ಟರ್: ಈ ಜಾಗಗಳಲ್ಲಿ ಪಿನ್ ಸುತ್ತ ಕೂದಲೆಳೆಯಷ್ಟು ತೆಳುವಾದ ಉಂಗುರ ಕಾಣುತ್ತದೆ. ಹಳೆಯ ಬೆಸುಗೆಯನ್ನು ಸಕ್ಕರ್‌ನಿಂದ ಪೂರ್ತಿ ಎಳೆದು, ಬೆಸುಗೆಗೆ ಹಚ್ಚುವ ಫ್ಲಕ್ಸ್ ಹಚ್ಚಿ 60/40 (ತವರ-ಸೀಸ) ಬೆಸುಗೆ ತಂತಿಯಿಂದ ಹೊಸದು ಹಾಕಿ. ಹಳೆಯದರ ಮೇಲೇ ಇನ್ನಷ್ಟು ಹೇರಿದರೆ ಬಿರುಕು ಒಳಗೇ ಉಳಿಯುತ್ತದೆ. ಕೆಪಾಸಿಟರ್ ಬುಡದಲ್ಲಿ ಹಾಕಿದ ಹಳದಿ ಅಂಟು ಕಂದುಬಣ್ಣಕ್ಕೆ ತಿರುಗಿದ್ದರೆ ಅದನ್ನು ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಅದು ಕ್ರಮೇಣ ಕರೆಂಟ್ ಹಾಯಿಸತೊಡಗುತ್ತದೆ, ತಾಗಿದ ತಂತಿಕಾಲುಗಳನ್ನೂ ತಿನ್ನುತ್ತದೆ.

ಪ್ರೊಟೆಕ್ಟ್ ಎಂದು ತೋರಿಸಿ ಆಫ್ ಆಗುವ ಸೆಟ್‌ನಲ್ಲಿ ರಿಲೇಗಿಂತ ಮೊದಲಿನ ಬಿಂದುವಿನಲ್ಲಿ ಪ್ರತಿ ಚಾನೆಲ್‌ನ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಒಂದೇ ಚಾನೆಲ್‌ನಲ್ಲಿ ಹತ್ತಾರು ವೋಲ್ಟ್ ಇದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುವ ಸಂಭವ ಹೆಚ್ಚು. ಎಲ್ಲವೂ ಸರಿಯಿದ್ದೂ ಪ್ರೊಟೆಕ್ಟ್ ಬಂದರೆ ಸಣ್ಣ ಸಪ್ಲೈಗಳಲ್ಲಿ ಒಂದು ಸತ್ತಿರಬಹುದು. ಇಲ್ಲಿ ಹೋಮ್ ಥಿಯೇಟರ್ ಸೆಟ್‌ಗೆ ಸ್ಟೀರಿಯೊಗಿಂತ ಹೆಚ್ಚಿನ ಅನುಕೂಲವಿದೆ. ಐದೂ ಚಾನೆಲ್‌ಗಳ ಸರ್ಕ್ಯೂಟ್ ಸಾಮಾನ್ಯವಾಗಿ ಒಂದೇ. ಸರ್ವಿಸ್ ಮ್ಯಾನುಯಲ್ ಸಿಗದಿದ್ದರೂ, ಪವರ್ ತೆಗೆದು ಕೆಟ್ಟ ಚಾನೆಲ್‌ನ ಒಂದೊಂದು ಬಿಡಿಭಾಗವನ್ನು ಪಕ್ಕದ ಚಾನೆಲ್‌ನ ಅದೇ ಭಾಗದ ಜೊತೆ ಮೀಟರ್‌ನ ಡಯೋಡ್ ಮೋಡ್‌ನಲ್ಲಿ ಹೋಲಿಸಿ ನೋಡುತ್ತ ಹೋದರೆ ವ್ಯತ್ಯಾಸ ತಾನಾಗಿ ಕಾಣಿಸುತ್ತದೆ. ಔಟ್‌ಪುಟ್ ಜೋಡಿಯ ಜೊತೆ ಡ್ರೈವರ್ ಟ್ರಾನ್ಸಿಸ್ಟರ್‌ಗಳನ್ನೂ 0.22 ಓಮ್ ಸಿಮೆಂಟ್ ರೆಸಿಸ್ಟರ್‌ಗಳನ್ನೂ ತಪ್ಪದೆ ಪರೀಕ್ಷಿಸಿ. 2ಎಸ್‌ಸಿ5200, 2ಎಸ್‌ಎ1943 ಎಂಬ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ನಕಲಿಗಳು ಮಾರುಕಟ್ಟೆಯಲ್ಲಿ ತುಂಬಿವೆ. ನಂಬಿಕಸ್ತ ವಿತರಕರ ಬಳಿಯೇ ಕೊಳ್ಳಿ, ದುಬಾರಿಯಾದರೂ.

ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಹರಿಯುವ ಸಣ್ಣ ಕರೆಂಟ್) ಹೊಂದಿಸುವ ಪ್ರಿಸೆಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಸಣ್ಣ ಕಂಟ್ರೋಲ್) ಇದ್ದರೆ, ಸ್ಪೀಕರ್ ತೆಗೆದು, ವಾಲ್ಯೂಮ್ ಸೊನ್ನೆಗಿಟ್ಟು, ಸೆಟ್ 15 ನಿಮಿಷ ಬಿಸಿಯಾದ ಮೇಲೆ ಆ 0.22 ಓಮ್ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿ. 10 ಮಿಲಿವೋಲ್ಟ್ ಎಂದರೆ ಸುಮಾರು 45 ಮಿಲಿಆಂಪಿಯರ್. ಗುರಿ ಎಷ್ಟೆಂಬುದು ಆ ಮಾದರಿಯ ಮ್ಯಾನುಯಲ್‌ನಲ್ಲಿ ಇದ್ದಷ್ಟೇ. ತೀರ ಕಡಿಮೆಯಾದರೆ ಮೆಲುದನಿಯ ತಂಬೂರಿ, ವೀಣೆ ಒರಟಾಗಿ ಕೇಳಿಸುತ್ತವೆ. ಹೆಚ್ಚಾದರೆ ಹೀಟ್‌ಸಿಂಕ್ ಸುಡುತ್ತದೆ.

ಇನ್ನು ಕೆಪಾಸಿಟರ್. ಗುಂಯ್ ಶಬ್ದ ವಾಲ್ಯೂಮ್ ಜೊತೆ ಏರಿಳಿಯುತ್ತಿದ್ದರೆ ದೋಷ ಕೇಬಲ್‌ನಲ್ಲಿ ಅಥವಾ ಇನ್‌ಪುಟ್ ಭಾಗದಲ್ಲಿ. ವಾಲ್ಯೂಮ್ ಸೊನ್ನೆಯಲ್ಲೂ ಅಷ್ಟೇ ಇದ್ದು, 100 ಹರ್ಟ್ಸ್‌ನ ದನಿಯಾಗಿದ್ದರೆ ಆಗ ಮುಖ್ಯ ಫಿಲ್ಟರ್ ಕೆಪಾಸಿಟರ್‌ಗಳತ್ತ ತಿರುಗುತ್ತೇನೆ. ಮೈಕ್ರೊಫ್ಯಾರಡ್ ಅಷ್ಟೇ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು. ಎರಡನ್ನೂ ಒಟ್ಟಿಗೆ ಬದಲಿಸಬೇಕು. ಕರೆಂಟ್ ಹೋಗಿ ಬಂದಾಗಲೆಲ್ಲ ಸೆಟ್ಟಿಂಗ್ ಮರೆಯುವ ಸೆಟ್‌ಗಳಲ್ಲಿ ಮೈಕ್ರೊಕಂಟ್ರೋಲರ್ ಬೋರ್ಡ್ ಮೇಲಿನ 5.5 ವೋಲ್ಟ್‌ನ ಸಣ್ಣ ಬಿಲ್ಲೆಯಂಥ ಬ್ಯಾಕಪ್ ಕೆಪಾಸಿಟರ್ ಸತ್ತಿರಬಹುದು.

ಕೇಳುವಾಗ ಡೈರೆಕ್ಟ್ ಅಥವಾ ಪ್ಯೂರ್ ಡೈರೆಕ್ಟ್ ಒತ್ತಿ; ಇಲ್ಲದಿದ್ದರೆ ಬಹಳಷ್ಟು ಸೆಟ್‌ಗಳು ಅನಲಾಗ್ ಸಿಗ್ನಲ್ಲನ್ನೂ ಡಿಜಿಟಲ್‌ಗೆ ತಿರುಗಿಸಿ ಮತ್ತೆ ಮರಳಿಸುತ್ತವೆ. ಆ ಬಟನ್ ಇಲ್ಲದ ಹಳೆಯ ಮಾದರಿಯಲ್ಲಿ 5.1 ಅನಲಾಗ್ ಇನ್‌ಪುಟ್‌ನ ಮುಂದಿನ ಎಡ-ಬಲ ಸಾಕೆಟ್‌ಗಳಿಗೆ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಆಗಿಸುವ ಸಾಧನ) ಜೋಡಿಸುತ್ತೇನೆ. ಅದು ಬಹುತೇಕ ನೇರವಾಗಿ ವಾಲ್ಯೂಮ್ ಐಸಿಗೆ ಹೋಗುತ್ತದೆ. ಸ್ಪೀಕರ್ ಇಂಪಿಡೆನ್ಸ್ ಸ್ವಿಚ್ ಅನ್ನು, 8 ಓಮ್ ಸ್ಪೀಕರ್ ಇದ್ದರೆ, 8ರಲ್ಲೇ ಬಿಡಿ. ಕಡಿಮೆ ಓಮ್‌ಗೆ ಇಟ್ಟರೆ ಅನೇಕ ಸೆಟ್‌ಗಳಲ್ಲಿ ಸಪ್ಲೈ ವೋಲ್ಟೇಜ್ ಇಳಿದು ದನಿಯ ಕಸುವೂ ಇಳಿಯುತ್ತದೆ.