ಹಾಲು ಕರೆಯುವ ಹೊತ್ತಿಗೇ ಬಾಗಿಲು ತೆರೆದೆವು

ಹಾಲು ಕರೆಯುವಾಗ ಹೊರಗಿನವರನ್ನು ಕೊಟ್ಟಿಗೆಯ ಹತ್ತಿರ ಬಿಟ್ಟುಕೊಳ್ಳಬಾರದು ಎಂದು ನನಗೆ ಹೇಳದವರಿಲ್ಲ. ಹಸುಗಳು ಬೆದರುತ್ತವೆ, ಸೊರೆ ಬಿಡುವುದಿಲ್ಲ, ಎಂದರೆ ಹಾಲು ಇಳಿಸುವುದಿಲ್ಲ, ಕೆಚ್ಚಲಲ್ಲಿ ಹಾಲು ಉಳಿದು ಬಾವು ಬರುತ್ತದೆ ಎಂದು ಪಶುವೈದ್ಯರು, ಸುತ್ತಲಿನ ಹೈನುಗಾರರು, ಮನೆಯಲ್ಲಿ ಅಪ್ಪ, ಎಲ್ಲರೂ ಎಚ್ಚರಿಸಿದ್ದರು. ಆದರೂ ಹಾಲು ಕರೆಯುವುದನ್ನು ನೋಡಲು ಪ್ರವಾಸಿಗರನ್ನು ಬಿಡತೊಡಗಿದೆವು, ಈಗ ಮೂರನೆಯ ವರ್ಷ ನಡೆಯುತ್ತಿದೆ. ಸುಮಾರು ನಲವತ್ತು ಹಸುಗಳ ನಮ್ಮ ಕೊಟ್ಟಿಗೆಯಲ್ಲಿ ಹಾಲು ತಗ್ಗಿಲ್ಲ. ಪ್ರವಾಸಿಗರಿಂದ ಬರುವ ಹಣ ಹಾಲಿನ ಹಣದ ಮೂರನೆಯ ಒಂದು ಪಾಲಿಗೆ ಬಂದು ನಿಂತಿದೆ. ಮೇವು, ಹಿಂಡಿ, ಔಷಧ ಎಲ್ಲ ಕಳೆದು ಕೈಯಲ್ಲಿ ಉಳಿಯುವುದನ್ನು ನೋಡಿದರೆ ಎರಡೂ ಹೆಚ್ಚುಕಡಿಮೆ ಸಮವಾಗಿವೆ. ಹಸು ಕಟ್ಟಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಶುರುವಿನಲ್ಲಿ ನಾವೂ ಎಲ್ಲರ ಹಾಗೆಯೇ ನಡೆಸಿದೆವು. ಬೆಳಗಿನಿಂದ ಸಂಜೆಯವರೆಗೆ ಬಾಗಿಲು ತೆರೆದಿರುತ್ತಿತ್ತು. ಉಯ್ಯಾಲೆ, ಜಾರುಬಂಡೆ, ಮೊಲದ ಗೂಡು, ಸವಾರಿಗೆ ಎರಡು ಗಿಡ್ಡ ಕುದುರೆಗಳು, ಎಲ್ಲವೂ ಇದ್ದವು. ಸಾಲದ ಹಣದಲ್ಲಿ ಮುಕ್ಕಾಲು ಪಾಲು ಇವಕ್ಕೇ ಹೋಯಿತು. ಕುದುರೆಗಳ ಮೇವು, ಲಾಳ, ವಿಮೆ ಸೇರಿದರೆ ಸವಾರಿಯಿಂದ ಬಂದದ್ದು ಅಲ್ಲಿಂದಲ್ಲಿಗೆ ಸರಿಹೋಗುತ್ತಿತ್ತು. ಜನ ಬರುತ್ತಿದ್ದರು, ಉಯ್ಯಾಲೆ ಆಡುತ್ತಿದ್ದರು, ಹಸುವಿನ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಿದ್ದರು. ಎರಡನೆಯ ಸಲ ಬಂದವರು ಬಹಳ ಕಡಿಮೆ.

ಹಾಲಿಗೂ ಪೆಟ್ಟು ಬಿತ್ತು. ಹಸುವಿಗೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ಮಲಗಲು ಬೇಕು, ಏಳೆಂಟು ಗಂಟೆ ಮೆಲುಕಿಗೆ ಬೇಕು. ಅದು ಕಣ್ಣು ಅರೆಮುಚ್ಚಿ ಮಲಗಿ ಮೆಲುಕು ಹಾಕುತ್ತಿರುವಾಗಲೇ ಜನ ಚಪ್ಪಾಳೆ ತಟ್ಟಿ ಎಬ್ಬಿಸುತ್ತಿದ್ದರು, ಎದ್ದು ನಿಂತರೆ ಫೋಟೊ ಚೆನ್ನಾಗಿ ಬರುತ್ತದೆ ಎಂದು. ರಜೆಯ ದಿನಗಳು ಕಳೆದ ಮರುದಿನ ಹಾಲು ನೂರಕ್ಕೆ ಆರೇಳು ಲೀಟರ್ ಇಳಿದಿರುತ್ತಿತ್ತು. ಟಿಕೆಟ್ಟಿನಲ್ಲಿ ಬಂದ ಹಣ ಡೈರಿಯ ಲೆಕ್ಕದಲ್ಲಿ ಕರಗಿಹೋಗುತ್ತಿತ್ತು.

ದಾರಿ ಕಂಡದ್ದು ಅತ್ತಿಗೆಯ ಕಣ್ಣಿಗೆ. ಹೊರಡಲು ತಡವಾಗಿದ್ದ ಒಂದು ಕುಟುಂಬ ಕಿಟಕಿಯ ಹೊರಗೆ ನಿಂತು, ಸಂಜೆಯ ಹಾಲು ಕರೆಯುವುದನ್ನು ಮುಗಿಯುವ ತನಕ ಮಾತಿಲ್ಲದೆ ನೋಡಿತಂತೆ. ಮಕ್ಕಳು ಉಯ್ಯಾಲೆಯ ಕಡೆ ತಿರುಗಿಯೂ ನೋಡಲಿಲ್ಲವಂತೆ. ಅತ್ತಿಗೆ ಮಾರನೆಯ ದಿನವೇ, ಆಟದ ಸಾಮಾನು ಮಾರಿಬಿಡೋಣ, ನಮ್ಮ ಕೆಲಸವನ್ನೇ ತೋರಿಸೋಣ ಎಂದರು. ಕುದುರೆಗಳನ್ನು ಮಾರಿದೆವು. ಹಗಲಿನಲ್ಲಿ ಬಾಗಿಲು ಮುಚ್ಚಿದೆವು. ಸಂಜೆ ಹಾಲು ಕರೆಯುವ ಹೊತ್ತಿಗೆ ಮೂವತ್ತು ಮೂವತ್ತೈದು ಜನರಿಗೆ ಮಾತ್ರ ಪ್ರವೇಶ, ಅದೂ ಮುಂಚಿತವಾಗಿ ಹೆಸರು ಬರೆಸಿದವರಿಗೆ. ವಾರಕ್ಕೆ ಒಂದು ದಿನ ಪೂರ್ತಿ ರಜೆ.

ಈ ಏರ್ಪಾಡನ್ನು ಹಸುಗಳಿಗೆ ಒಪ್ಪಿಸುವುದರಲ್ಲಿ ನಾಲ್ಕೈದು ತಿಂಗಳು ಹೋಯಿತು. ಹಸುವಿಗೆ ತನ್ನ ಸುತ್ತ ಸುಮಾರು 330 ಡಿಗ್ರಿ ಕಾಣುತ್ತದೆ, ಬೆನ್ನ ಹಿಂದಿನ ಸ್ವಲ್ಪ ಜಾಗ ಮಾತ್ರ ಕಾಣದು. ಆದ್ದರಿಂದ ಜನರನ್ನು ಹಿಂದೆ ನಿಲ್ಲಿಸುವ ಮಾತೇ ಇರಲಿಲ್ಲ. ಮೊದಲು ಎದುರಿಗೆ ಎತ್ತರದ ಕಟ್ಟೆ ಕಟ್ಟಿಸಿದೆವು. ತಲೆಯ ಮೇಲಿನಿಂದ ಇಣುಕುವ ಮುಖಗಳನ್ನು ಕಂಡು ಹಸುಗಳು ಒಳಗೆ ಕಾಲಿಡಲೇ ಇಲ್ಲ. ಕಟ್ಟೆ ಒಡೆಸಿ, ನೆಲದ ಮಟ್ಟದಲ್ಲಿ ಹಗ್ಗ ಕಟ್ಟಿ ಬೆಂಚು ಹಾಕಿದೆವು. ಮಕ್ಕಳು ಹಗ್ಗ ಹಿಡಿದು ಜೋಲಾಡುತ್ತಿದ್ದರು, ಅದರ ನೆರಳು ನೆಲದ ಮೇಲೆ ಅತ್ತಿತ್ತ ಹೊಯ್ದಾಡುತ್ತಿತ್ತು. ಮುಂದಿನ ಹಸು ಮೂಗು ತಗ್ಗಿಸಿ ಆ ನೆರಳನ್ನು ಮೂಸಿ ಅಲ್ಲೇ ನಿಂತರೆ ಹಿಂದಿನ ಸಾಲೆಲ್ಲ ನಿಂತಿತು. ಕೊನೆಗೆ ಸೊಂಟದೆತ್ತರದ ಹಲಗೆಯ ಗೋಡೆ, ಅದರ ಹಿಂದೆ ಗಿಡ್ಡ ಬೆಂಚುಗಳು. ಕುಳಿತವರ ತಲೆ ಹಸುವಿನ ಕಣ್ಣಿಗಿಂತ ಕೆಳಗಿರುತ್ತದೆ. ಅಲ್ಲಿಂದ ಮುಂದೆ ಒಂದು ಹಸುವೂ ಬಾಗಿಲಲ್ಲಿ ನಿಂತಿಲ್ಲ.

ಸದ್ದಿನ ವಿಷಯಕ್ಕೆ ಬೇರೆ ಉಪಾಯ ಮಾಡಿದೆ. ಮಕ್ಕಳ ಗದ್ದಲವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು, ಹಿಂಡಿ ಇಡುವ ಹೊತ್ತಿಗೆ ಸ್ಪೀಕರಿನಲ್ಲಿ ಸಣ್ಣಗೆ ಹಾಕಿದೆ. ವಾರವಾರವೂ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದೆ. ಒಂದೂವರೆ ತಿಂಗಳಾಗುವಷ್ಟರಲ್ಲಿ ಆ ಸದ್ದು ಕೇಳಿದರೆ ಹಸುಗಳು ಗೋದಲಿಯ ಕಡೆ ತಿರುಗುತ್ತಿದ್ದವು. ಇನ್ನು, ಮೊದಲು ಯಾವ ಹಸುವನ್ನು ಒಳಗೆ ಬಿಡಬೇಕು ಎಂಬುದರಲ್ಲಿ ಅರ್ಧ ಗೆಲುವಿದೆ. ಅದನ್ನು ಆರಿಸುವ ನಮ್ಮ ಬಗೆಯನ್ನು ಇಲ್ಲಿ ಬರೆಯುವುದಿಲ್ಲ. ಕೆಚ್ಚಲು ಒರೆಸಿ ಯಂತ್ರ ಹಾಕುವ ಆ ಒಂದೂವರೆ ನಿಮಿಷ ಜನರ ಕಡೆಯಿಂದ ಪಿಸುಮಾತೂ ಇರಬಾರದು ಎಂಬುದು ನಮ್ಮ ನಿಯಮ. ಮಕ್ಕಳು ಪಾಲಿಸುತ್ತಾರೆ, ಫೋನು ತೆಗೆಯುವುದು ದೊಡ್ಡವರು.

ಹಾಲು ಕರೆಯಲು ಶುರುಮಾಡುವ ಹತ್ತು ನಿಮಿಷ ಮೊದಲು ಬಾಗಿಲು ಹಾಕುತ್ತೇವೆ. ತಡವಾದವರಿಗೆ ಹಣ ವಾಪಸ್, ಪ್ರವೇಶ ಇಲ್ಲ. ಮೊದಮೊದಲು ಇದರಿಂದ ದಿನಾ ಜಗಳ. ತಮ್ಮ ಸೋತು, ಐದು ನಿಮಿಷ ಬಿಟ್ಟುಕೊಟ್ಟರೆ ಏನಾಗುತ್ತದೆ ಎಂದ. ಬಿಟ್ಟುಕೊಡಲಿಲ್ಲ. ಹಸುವಿನ ಹೊತ್ತಿಗೆ ಜನ ಬರಬೇಕೇ ಹೊರತು ಜನರ ಹೊತ್ತಿಗೆ ಹಸು ನಿಲ್ಲುವುದಿಲ್ಲ ಎಂಬುದನ್ನು ಸಡಿಲಿಸಿದ್ದರೆ ಎರಡೇ ತಿಂಗಳಲ್ಲಿ ಹಳೆಯ ಸ್ಥಿತಿಗೇ ಮರಳುತ್ತಿದ್ದೆವು. ಈಗ ಜನ ಅರ್ಧ ಗಂಟೆ ಮೊದಲೇ ಬಂದು ಕಾಯುತ್ತಾರೆ.

ಟಿಕೆಟ್ ದರವನ್ನು ನಾನು ಹಾಲಿನ ದರಕ್ಕೆ ಕಟ್ಟಿದ್ದೇನೆ. ನಮಗೆ ಡೈರಿ ಕೊಡುವ ದರದಲ್ಲಿ ದೊಡ್ಡವರಿಗೆ ಹನ್ನೆರಡು ಲೀಟರಿನ ಹಣ, ಮಕ್ಕಳಿಗೆ ಆರು ಲೀಟರಿನದು. ಫಲಕದಲ್ಲಿಯೂ ಹಾಗೆಯೇ ಬರೆದಿದ್ದೇವೆ. ಹಾಲಿನ ದರ ಬಿದ್ದಾಗ ಟಿಕೆಟ್ ದರವೂ ಇಳಿಯುತ್ತದೆ, ಆಗ ಜನ ಏಕೆಂದು ಕೇಳುತ್ತಾರೆ. ರೈತನ ಕೈಗೆ ಎಷ್ಟು ಬರುತ್ತದೆ ಎಂಬುದು ಅವರಿಗೆ ಅಲ್ಲೇ ತಿಳಿಯುತ್ತದೆ. ಇದರಿಂದ ನನಗೆ ಸ್ವಲ್ಪ ನಷ್ಟವಿದೆ, ಆದರೂ ಬದಲಿಸುವುದಿಲ್ಲ.

ಈ ಹೊಸ ಏರ್ಪಾಡಿನಲ್ಲಿ ಅತಿ ಹೆಚ್ಚು ಖರ್ಚಾದದ್ದು ಕೈ ತೊಳೆಯುವ ಜಾಗಕ್ಕೆ. ನಾಲ್ಕು ಒಳ್ಳೆಯ ಹಾಲಿನ ಹಸುಗಳು ಬರುತ್ತಿದ್ದವು ಆ ಹಣದಲ್ಲಿ. 2009ರಲ್ಲಿ ಇಂಗ್ಲೆಂಡಿನ ಸರ್ರೆಯಲ್ಲಿ, ಜನ ಪ್ರಾಣಿಗಳನ್ನು ಮುಟ್ಟಿ ನೋಡಲು ಹೋಗುತ್ತಿದ್ದ ಗಾಡ್‌ಸ್ಟೋನ್ ಫಾರ್ಮಿನಿಂದ ಇ. ಕೋಲೈ ಒ157 ಎಂಬ ರೋಗಾಣು ಹರಡಿ 93 ಜನ ಕಾಯಿಲೆ ಬಿದ್ದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಆ ರೋಗಾಣು ಹಸುವಿನ ಕರುಳಿನಲ್ಲಿದ್ದರೂ ಹಸುವಿಗೆ ಏನೂ ಆಗುವುದಿಲ್ಲ, ನೋಡಿದರೆ ಗೊತ್ತಾಗುವುದೂ ಇಲ್ಲ. ಬಾಗಿಲಲ್ಲಿ ಜೆಲ್ ಬಾಟಲಿ ಇಟ್ಟರೆ ಸಾಕು ಎನ್ನುವವರನ್ನು ನಾನು ಒಪ್ಪುವುದಿಲ್ಲ. ಸಗಣಿ ಮೆತ್ತಿದ ಕೈಗೆ ಜೆಲ್ ಪ್ರಯೋಜನಕ್ಕೆ ಬಾರದು, ಸೋಪು ಮತ್ತು ಹರಿಯುವ ನೀರೇ ಬೇಕು. ನಮ್ಮಲ್ಲಿ ಕರುಗಳ ಮನೆಯಿಂದ ಹೊರಬರುವ ದಾರಿ ಒಂದೇ, ಅದು ನಲ್ಲಿಗಳ ಸಾಲಿನ ಮುಂದೆಯೇ ಹಾಯುತ್ತದೆ. ನಲ್ಲಿಗಳು ಎರಡು ಎತ್ತರದಲ್ಲಿವೆ. ತಿನ್ನುವುದು ಕುಡಿಯುವುದೆಲ್ಲ ಅದನ್ನು ದಾಟಿದ ಮೇಲೆ. ಹಸಿ ಹಾಲು ಎಷ್ಟೇ ಕೇಳಿದರೂ ಕೊಡುವುದಿಲ್ಲ. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ತಣಿಸಿದ ಹಾಲು ಮಾತ್ರ.

ಕೈ ತೊಳೆದ ಮೇಲೆ ಬೆಣ್ಣೆ ತೆಗೆಯುವುದು. ಪಾಶ್ಚರೀಕರಿಸಿದ ದಪ್ಪ ಕೆನೆಯನ್ನು ಸಣ್ಣ ಬಾಟಲಿಗಳಲ್ಲಿ ಅರ್ಧಕ್ಕೆ ತುಂಬಿ ಮಕ್ಕಳ ಕೈಗೆ ಕೊಡುತ್ತೇವೆ. ಮೊದಲು ಗುಳುಗುಳು ಸದ್ದು. ಐದಾರು ನಿಮಿಷಕ್ಕೆ ಕೆನೆ ಉಬ್ಬಿ ಸದ್ದೇ ನಿಂತುಹೋಗುತ್ತದೆ. ಬಹಳ ಮಕ್ಕಳು ಕೈಬಿಡುವುದು ಇಲ್ಲಿಯೇ. ಇನ್ನೂ ನಾಲ್ಕು ನಿಮಿಷ ಅಲುಗಿಸಿದರೆ ಒಮ್ಮೆಲೇ ಒಳಗೆ ಏನೋ ದೊಪ್ಪನೆ ಬಡಿಯುತ್ತದೆ. ಗಾಜು ತಿಳಿಯಾಗಿ, ಹಳದಿ ಮುದ್ದೆ ಬೇರೆ, ಮಜ್ಜಿಗೆ ಬೇರೆ ಕಾಣುತ್ತದೆ. ಬಾಟಲಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡುವ ಮಕ್ಕಳನ್ನು ಕಂಡರೆ ಇಡೀ ದಿನದ ದಣಿವು ಇಳಿಯುತ್ತದೆ. ಬೇಸಿಗೆಯಲ್ಲಿ ಇದು ಎಷ್ಟೋ ಸಲ ಕೈಕೊಟ್ಟಿತು. ಕೆನೆ 20 ಡಿಗ್ರಿ ದಾಟಿದರೆ ಜಿಡ್ಡುಜಿಡ್ಡಾಗುತ್ತದೆ, ಮುದ್ದೆ ಕಟ್ಟುವುದಿಲ್ಲ. 12ರಿಂದ 14 ಡಿಗ್ರಿ ಸರಿಯಾದ ಹದ. ಮಕ್ಕಳ ಕೈಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿದು ಇನ್ನೂ ತಣ್ಣಗೆ ಶುರುಮಾಡಬೇಕು. ಹಿಂದಿನ ರಾತ್ರಿ ಕೆನೆಯನ್ನು ನಾವು ಹೇಗೆ ಇಡುತ್ತೇವೆ ಎಂಬುದು ಅತ್ತಿಗೆಯ ಗುಟ್ಟು, ಹೇಳಲು ಅವರ ಅಪ್ಪಣೆ ಇಲ್ಲ.

ನಡುವೆ ಮೂತಿಯ ಅಚ್ಚು ತೆಗೆಯುವ ಹುಚ್ಚು ಹಿಡಿಯಿತು. ಮನುಷ್ಯನ ಬೆರಳಿನ ಗುರುತಿನಂತೆ ಒಂದು ಹಸುವಿನ ಮೂತಿಯ ಗೆರೆಗಳು ಇನ್ನೊಂದಕ್ಕೆ ಇರುವುದಿಲ್ಲ. 1920ರ ದಶಕದಿಂದಲೂ ಹಸುಗಳ ಗುರುತಿಗೆ ಇದನ್ನು ಬಳಸಿದ್ದಾರೆ. ಕಷ್ಟವೆಂದರೆ ಒರೆಸಿದ ಕೆಲವೇ ಕ್ಷಣಗಳಲ್ಲಿ ಮೂತಿ ಮತ್ತೆ ಬೆವರುತ್ತದೆ, ಬಣ್ಣ ಕದಡುತ್ತದೆ. ನಾಲಿಗೆಯೂ ಬಂದು ನೆಕ್ಕಿಬಿಡುತ್ತದೆ. ನಯವಾದ ಕಾಗದದಲ್ಲಿ ಬರೀ ಕಲೆ ಮೂಡಿತು. ನೀರು ಹೀರುವ ದಪ್ಪ ಕಾಗದಕ್ಕೆ ಬದಲಾಯಿಸಿ, ತಿನ್ನಬಹುದಾದ ಬಣ್ಣವನ್ನು ಸ್ಪಂಜಿನಲ್ಲಿ ತೆಳುವಾಗಿ ಒತ್ತಿದ ಮೇಲೆ ಗೆರೆಗಳು ಸ್ಪಷ್ಟವಾದವು. ಇದಕ್ಕೆ ಸುಮ್ಮನೆ ನಿಲ್ಲುವ ಹಸುಗಳು ಎರಡೋ ಮೂರೋ. ಜನರ ಮುಂದೆ ಮಾಡುವುದನ್ನು ಬಿಟ್ಟೆ. ಬಿಡುವಿನಲ್ಲಿ ತೆಗೆದ ಅಚ್ಚುಗಳನ್ನು ಮುದ್ರಿಸಿ ಇಟ್ಟಿದ್ದೇನೆ, ಯಾವ ಅಚ್ಚು ಯಾವ ಹಸುವಿನದು ಎಂದು ಮಕ್ಕಳು ಹುಡುಕುತ್ತಾರೆ. ಹೊರಡುವಾಗ ಮಾರಾಟವಾಗುವ ವಸ್ತುಗಳಲ್ಲಿ ಬೆಣ್ಣೆಯ ನಂತರ ಇವೇ ಮುಂದಿವೆ.

ಕರುವನ್ನು ತಾಯಿಯಿಂದ ಏಕೆ ಬೇರೆ ಕಟ್ಟಿದ್ದೀರಿ ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳುತ್ತೇವೆ. ಮೊದಲ ಕೆಲವು ಗಂಟೆಗಳಲ್ಲೇ ಗಿಣ್ಣು ಹಾಲು ಹೊಟ್ಟೆಗೆ ಹೋಗಲೇಬೇಕೆಂದು ಅಳೆದು ಕುಡಿಸುವುದು, ನಾವು ಮಾರುವುದು ಆ ತಾಯಿಯ ಹಾಲನ್ನೇ ಎಂಬುದು, ಬೇರ್ಪಡಿಸಿದ ಮೇಲೆ ಎರಡೂ ಕೂಗುತ್ತವೆ ಎಂಬುದು, ಯಾವುದನ್ನೂ ಮುಚ್ಚಿಡುವುದಿಲ್ಲ. ಕೆಲವರು ಮುಖ ಬಾಡಿಸಿಕೊಂಡು ಹೋಗುತ್ತಾರೆ. ಅವರಲ್ಲಿಯೂ ಮತ್ತೆ ಬಂದವರಿದ್ದಾರೆ.

ಉಳಿದಿರುವ ತೊಡಕು ಒಂದೇ. ಹೆಚ್ಚಿನ ಹಸುಗಳು ಕರು ಹಾಕುವ ಎರಡು ತಿಂಗಳು ಮನೆಯವರೆಲ್ಲ ರಾತ್ರಿ ಹಗಲು ಕೊಟ್ಟಿಗೆಯಲ್ಲೇ ಇರುತ್ತೇವೆ, ಆಗ ವಾರಕ್ಕೆ ಮೂರು ದಿನ ಮಾತ್ರ ಜನರನ್ನು ಬಿಡುತ್ತೇವೆ. ಆ ತಿಂಗಳುಗಳ ಆದಾಯ ಅರ್ಧಕ್ಕೆ ಬೀಳುತ್ತದೆ. ಕರು ಹಾಕುವ ಕೋಣೆಯಲ್ಲಿ ಕ್ಯಾಮೆರಾ ಇಟ್ಟು, ಆಚೆಯ ಪಡಸಾಲೆಯಲ್ಲಿ ಪರದೆಯ ಮೇಲೆ ತೋರಿಸೋಣ ಎಂದು ತಮ್ಮ ತಂತಿ ಎಳೆಸುತ್ತಿದ್ದಾನೆ. ಹಸುವಿನ ಹತ್ತಿರ ಯಾರೂ ಸುಳಿಯುವುದಿಲ್ಲವಾದ್ದರಿಂದ ನಾನೂ ಒಪ್ಪಿದ್ದೇನೆ.