ಹಳೇ ಕಂಪ್ಯೂಟರ್‌ನಲ್ಲಿ ಗೇಮ್ ಡೆಮೋ, ಮಾಡ್ ಹಾಕುವವರಿಗೆ

ಮಕ್ಕಳಿಗೆ ರಜೆ ಬಂತು, ಗುಂಪಿನಲ್ಲಿ ಗೇಮ್ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. ಕುವೆಂಪುನಗರದ ನಮ್ಮ ಮನೆಯಲ್ಲಿರುವುದು 8 ಜಿಬಿ ರ‍್ಯಾಮ್‌ನ ಹಳೇ ಕಂಪ್ಯೂಟರ್. ಮನಸ್ಸು ಬಂದರೆ ಓಡುತ್ತದೆ, ಇಲ್ಲದಿದ್ದರೆ ಮಧ್ಯದಲ್ಲೇ ನಿಂತುಬಿಡುತ್ತದೆ. ಅದಕ್ಕೇ ಡೆಮೋ (ಗೇಮ್‌ನ ಒಂದು ಭಾಗ ಆಡಿ ನೋಡಲು ಕೊಡುವ ಪುಕ್ಕಟೆ ಆವೃತ್ತಿ) ಇದ್ದರೆ ಮೊದಲು ಅದನ್ನೇ ಆಡುತ್ತೇವೆ. ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ನೆಕ್ಸ್ಟ್ ಫೆಸ್ಟ್ ಎಂಬ ಡೆಮೋ ಹಬ್ಬ ನಡೆಯುವಾಗ ನೂರಾರು ಡೆಮೋ ಪುಕ್ಕಟೆ ಸಿಗುತ್ತವೆ. ಐದು ನಿಮಿಷ ನೋಡಿ ಬಿಡಬೇಡಿ, ಅರ್ಧ ಗಂಟೆಯಾದರೂ ಆಡಿ. ಪ್ರೊಸೆಸರ್ ಬಿಸಿಯಾದ ಮೇಲೆ ತನ್ನ ವೇಗ ಇಳಿಸಿಕೊಳ್ಳುತ್ತದೆ, ಆಟ ತಡವರಿಸುವುದು ಆಗಲೇ. ಏಪ್ರಿಲ್ ಸೆಕೆಯಲ್ಲಂತೂ ಇದು ಬೇಗ ಗೊತ್ತಾಗುತ್ತದೆ. ಡೆಮೋ ಇಲ್ಲವೇ? ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್‌ನಲ್ಲಿ ಹಣ ವಾಪಸ್ ಕೇಳಬಹುದು.

ಮಾಡ್ ಅಂದರೆ ಗೇಮ್‌ನಲ್ಲಿ ಬದಲಾವಣೆ ತರಲು ಆಟಗಾರರೇ ಮಾಡಿ ಹಂಚುವ ಫೈಲ್. ಅದನ್ನು ಹಾಕುವ ಮುಂಚೆ ಸೇವ್ ಫೋಲ್ಡರನ್ನು (ಅಲ್ಲಿವರೆಗೆ ಆಡಿದ್ದು ಉಳಿದಿರುವ ಜಾಗ) ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ವಿಂಡೋಸ್‌ನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ತೋಟ ಬೆಳೆಸುವ ಗೇಮ್‌ನ ಸೇವ್‌ಗಳು ಆಪ್‌ಡೇಟಾ ಫೋಲ್ಡರ್‌ನ ರೋಮಿಂಗ್ ಒಳಗಿರುತ್ತವೆ. ಹೋದ ವರ್ಷ ಮಗಳು ಒಂದೇ ಸಲ ಹನ್ನೆರಡು ಮಾಡ್ ಹಾಕಿದಳು. ಗೇಮ್ ತೆರೆಯಲೇ ಇಲ್ಲ. ತಿಂಗಳುಗಟ್ಟಲೆ ಬೆಳೆಸಿದ್ದ ಅವಳ ತೋಟ ಹೋಯಿತೇನೋ ಅಂತ ಅಳುವಂತಾಗಿದ್ದಳು, ಪಾಪ. ಕಾಪಿ ಇದ್ದಿದ್ದರಿಂದ ಬಚಾವಾದೆವು. ಆಮೇಲೆ ಅರ್ಧದಷ್ಟು ಮಾಡ್ ಹೊರಗಿಟ್ಟು ಗೇಮ್ ತೆರೆದೆವು. ತೆರೆಯಿತು ಅಂದರೆ ತೊಂದರೆ ಹೊರಗಿಟ್ಟ ಅರ್ಧದಲ್ಲಿದೆ ಅಂತ, ಅಲ್ವಾ? ಹೀಗೇ ಅರ್ಧ ಅರ್ಧ ಮಾಡುತ್ತಾ ಹೋದರೆ ನಾಲ್ಕು ಸಲದಲ್ಲಿ ಸಿಕ್ಕಿತು. ಗೇಮ್‌ನ ಹಳೇ ಆವೃತ್ತಿಗೆ ಮಾಡಿದ್ದ ಮಾಡ್ ಅದು.

ಈಗ ಒಂದೊಂದೇ ಹಾಕುತ್ತೇವೆ, ಆಡಿ ನೋಡಿ ಮುಂದಿನದು. ಕರೆಂಟ್ ಹೋಗಿ ಬಂದು ಮಾಡುವ ಹೊತ್ತಿನಲ್ಲಿ ಯುಪಿಎಸ್ ಇಲ್ಲದೆ ಹಾಕಬೇಡಿ. ಸೇವ್ ಫೋಲ್ಡರ್ ಸಿಗದಿದ್ದರೆ ಗೇಮ್ ಹೆಸರು ಇಲ್ಲಿ ಬರೆಯಿರಿ, ಹುಡುಕಿ ಹೇಳುತ್ತೇನೆ.