ಮೀಂಡಿಗೆ ಬಿದ್ದ ಕೆಂಪು ಗೆರೆ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಸಂಗೀತದ ಕ್ಲಾಸು. ಸಂಜೆ 14 ಮಕ್ಕಳು ಬರುತ್ತಾರೆ. ಹೋದ ವರ್ಷ ಗುರುಪೂರ್ಣಿಮೆಗೆ ಹಾಡಲು ಅವರಲ್ಲಿ ಮೂವರನ್ನು ಆರಿಸಬೇಕಿತ್ತು. ಪಕ್ಷಪಾತ ಆಗಬಾರದು ಅಂತ, ಹಾಡಿಗೆ ಅಂಕ ಕೊಡುವ ಎಐ ಆ್ಯಪ್ ಒಂದನ್ನು ಬಳಸಿದೆ. ಎಲ್ಲರೂ ಹಾಡಿದ್ದು ಭೀಮಪಲಾಸಿ ರಾಗದ ಒಂದೇ ಛೋಟಾ ಖ್ಯಾಲ್, ಅಂದರೆ ಹಿಂದೂಸ್ತಾನಿ ಸಂಗೀತದ ಚುರುಕು ಲಯದ ಹಾಡು.

ಹಾರ್ಮೋನಿಯಂ ಬಾರಿಸುತ್ತ ಕಲಿತ ಹುಡುಗನಿಗೆ 88 ಬಂತು. 11 ವರ್ಷದ ಒಬ್ಬ ಹುಡುಗಿಗೆ 54. "ಅಕ್ಕಾರ, ನಾ ತಪ್ಪು ಹಾಡಿದ್ನೇನ್ರೀ?" ಅಂದಳು. ಮುಖ ಸಪ್ಪಗಾಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ರಾತ್ರಿ ರೆಕಾರ್ಡಿಂಗ್ ಹಚ್ಚಿಕೊಂಡು ಗ್ರಾಫ್ ನೋಡುತ್ತ ಕೂತೆ. ಮಧ್ಯಮದಿಂದ (ಮ) ಕೋಮಲ ಗಾಂಧಾರಕ್ಕೆ (ತುಸು ತಗ್ಗಿದ ಗ) ಅವಳು ಮೀಂಡಿನಲ್ಲಿ, ಅಂದರೆ ಧ್ವನಿ ಕಡಿಯದೆ ಜಾರುತ್ತ, ಇಳಿದ ಕಡೆಯೆಲ್ಲ ಗೆರೆ ಕೆಂಪು. ಆ್ಯಪ್ ಹಾರ್ಮೋನಿಯಂ ಥರ ಸಪ್ತಕವನ್ನು (ಒಂದು ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು) 12 ಸಮಪಾಲು ಮಾಡಿ, ಧ್ವನಿ ಆ ಮನೆಗಳಲ್ಲಿ ನಿಂತಿದೆಯಾ ಅಂತ ಅಳೆಯುತ್ತಿತ್ತು. ನಡುವೆ ಜಾರಿದ್ದೆಲ್ಲ ಅದರ ಲೆಕ್ಕದಲ್ಲಿ ತಪ್ಪು. ಭೀಮಪಲಾಸಿಯ ಜೀವ ಇರುವುದೇ ಆ ಜಾರಿನಲ್ಲಿ ಅಲ್ವಾ? ನಾನಿನ್ನೂ ಅದನ್ನು ಅವಳಿಗೆ ಹೇಳಿಕೊಟ್ಟೇ ಇರಲಿಲ್ಲ. ಸುಮ್ನೆ ಕೇಳಿ ಕೇಳಿ ಹಿಡಿದಿದ್ದಳು.

ಗಂಗೂಬಾಯಿ ಹಾನಗಲ್ ನೆನಪಾದರು. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಅವರ ಧ್ವನಿ ಗಡುಸಾಯಿತು. ಅದೇ ಧ್ವನಿಯಲ್ಲಿ ಹಿಂದೂಸ್ತಾನಿ ಗಾಯನದ ಒಂದು ಪರಂಪರೆಯಾದ ಕಿರಾಣಾ ಘರಾಣೆಯ ದೊಡ್ಡ ಗಾಯಕಿಯಾದರು. ತೆಳು ಧ್ವನಿಗಳನ್ನೇ ಕೇಳಿ ಕಲಿತ ಯಂತ್ರ ಅವರಿಗೆ ಎಷ್ಟು ಅಂಕ ಕೊಡುತ್ತಿತ್ತು?

ಮರುದಿನ ಹುಡುಗಿಗೆ, ತಪ್ಪು ನನ್ನದು ಅಂದೆ. ಇಬ್ಬರು ಹಿರಿಯ ಗಾಯಕರಿಗೆ ಹೆಸರು ಹೇಳದೆ ಎಲ್ಲರ ಹಾಡು ಕೇಳಿಸಿದೆ. ಇಬ್ಬರೂ ಮೊದಲು ಆರಿಸಿದ್ದು ಅವಳನ್ನೇ.

ಇದರ ನಡುವೆ ಒಬ್ಬ ತಾಯಿ ಕೇಳಿದರು, "ಅಕ್ಕಾರ, ಈ ಧ್ವನಿ ಎಲ್ಲಿಗೆ ಹೋಗ್ತೈತ್ರಿ?" ಆಮೇಲೆ ಕೂತು ಷರತ್ತುಗಳನ್ನು ಓದಿದೆ. ಮಕ್ಕಳ ಹಾಡು ಕಂಪನಿಯ ಸರ್ವರಿಗೆ ಹೋಗಿ, ಯಂತ್ರಕ್ಕೆ ಕಲಿಸಲು ಬಳಕೆಯಾಗುತ್ತಿತ್ತು. 18 ತುಂಬದವರ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಬೇಕು ಅಂತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ಕಾಯ್ದೆ ಇಲ್ಲದಿದ್ದರೂ ನಾನು ಕೇಳಲೇಬೇಕಿತ್ತು. ಆ ಖಾತೆ ಅಳಿಸಿದೆ. ಈಗ ಇರುವ ಆ್ಯಪ್‌ನಲ್ಲಿ ಧ್ವನಿ ಫೋನಿನಲ್ಲೇ ಉಳಿಯುತ್ತದೆ. ಪಾಲಕರನ್ನು ಕೇಳಿಯೇ ರೆಕಾರ್ಡ್ ಮಾಡುತ್ತೇನೆ, ತಿಂಗಳಿಗೊಮ್ಮೆ ಅಳಿಸುತ್ತೇನೆ. ಅಂಕ ತೋರಿಸುವುದನ್ನು ಬಂದ್ ಮಾಡಿದ್ದೇನೆ. ಷಡ್ಜ (ಸ) ಹಿಡಿದು ನಿಲ್ಲುವ ರಿಯಾಜಿಗೆ, ಅಂದರೆ ಅಭ್ಯಾಸಕ್ಕೆ, ಬರೀ ಗೆರೆ ಸಾಕು, ಅದಕ್ಕೆ ಅದು ನಿಜವಾಗಿಯೂ ಒಳ್ಳೆಯದು.

ಆ ಗೆರೆಯಿಂದಲೇ ಇನ್ನೊಬ್ಬ ಸಿಕ್ಕ. ಅಕ್ಕನ ಜೊತೆ ಬಂದು ಬಾಗಿಲ ಹತ್ತಿರ ಸುಮ್ನೆ ಕೂರುತ್ತಿದ್ದ ಹುಡುಗ. ಒಂದು ಸಂಜೆ ಫೋನು ಅವನ ಪಕ್ಕದಲ್ಲಿತ್ತು. ಯಾರೂ ಹಾಡುತ್ತಿಲ್ಲ, ಆದರೂ ಗೆರೆ ಹಸಿರಾಗಿ, ಅಲುಗದೆ ನಿಂತಿದೆ. ನೋಡಿದರೆ ಇವನು ಬಾಯಿ ಮುಚ್ಚಿಕೊಂಡೇ ತಂಬೂರಿಯ ಜೊತೆ ಷಡ್ಜ ಗುನುಗುತ್ತಿದ್ದಾನೆ. ಎಷ್ಟು ತಿಂಗಳಿಂದ ಹೀಗೆ ಗುನುಗುತ್ತಿದ್ದನೋ, ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಅವರವ್ವನ ಹತ್ತಿರ ಮಾತಾಡಿ ಮುಂದಿನ ಸೋಮವಾರದಿಂದ ಚಾಪೆಗೆ ಕರೆದೆ. ಬಾಯಿ ಇನ್ನೂ ಪೂರ್ತಿ ತೆರೆಯುವುದಿಲ್ಲ. ಸದ್ಯಕ್ಕೆ ಸರಿಗಮದ ಸ್ವರಗಳನ್ನು ‘ಆ’ ಅಂತ ಹಾಡಿಸುತ್ತಿದ್ದೇನೆ.